ಮಿನಿಮಮ್ ಡ್ಯೂ ತಪ್ಪದೆ ಕಟ್ಟುತ್ತಿದ್ದೇನೆ, ಆದರೂ ಕ್ರೆಡಿಟ್ ಕಾರ್ಡ್ ಬಾಕಿ ಇಳಿಯುತ್ತಿಲ್ಲ. ಯಾಕೆ?

ಪ್ರಶ್ನೆ (ದಾವಣಗೆರೆಯಿಂದ):
ಎಲ್ಲರಿಗೂ ನಮಸ್ಕಾರ. ನಾನು ಟೈರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ 27,000. ಹದಿನಾಲ್ಕು ತಿಂಗಳ ಹಿಂದೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. 62,000 ಕಾರ್ಡಲ್ಲೇ ಕಟ್ಟಿದೆ. ಅದೇ ತಿಂಗಳು ಫ್ರಿಜ್ಜಿಗೆ 15,000. ಒಟ್ಟು 77,000.

ಅವತ್ತಿನಿಂದ ಒಂದು ತಿಂಗಳೂ ಮಿನಿಮಮ್ ಡ್ಯೂ, ಅಂದರೆ ಬಿಲ್ಲಲ್ಲಿ ಕಟ್ಟಲೇಬೇಕು ಅಂತ ಹಾಕಿರುವ ಕನಿಷ್ಠ ಮೊತ್ತ, ತಪ್ಪಿಸಿಲ್ಲ. ಇಲ್ಲಿವರೆಗೆ ಸುಮಾರು 56,000 ಕಟ್ಟಿದ್ದೇನೆ. ಬಾಕಿ ಈಗ 84,000! ಕಾರ್ಡ್‌ನಿಂದ ಪೆಟ್ರೋಲ್‌ಗೆ ತಿಂಗಳಿಗೆ 1,200 ಬಿಟ್ಟರೆ ಬೇರೆ ಖರ್ಚೇ ಇಲ್ಲ. ದಿನವೆಲ್ಲ ಬೇರೆಯವರ ಲೆಕ್ಕ ಸರಿ ಮಾಡುವ ನನಗೆ ಇದು ಅರ್ಥವಾಗುತ್ತಿಲ್ಲ. ಮೊಬೈಲಲ್ಲಿ ಒಂದು ಸಾಲದ ಆ್ಯಪ್ ಐದು ನಿಮಿಷಕ್ಕೆ 50,000 ಕೊಡುತ್ತೇನೆ ಅನ್ನುತ್ತಿದೆ. ತಗೊಳ್ಳಲಾ? ಮನೆಯವಳಿಗೆ ಇನ್ನೂ ಹೇಳಿಲ್ಲ.

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ):
ತಮ್ಮಾ, ನಿಮ್ಮ ಸ್ಟೇಟ್‌ಮೆಂಟಲ್ಲಿ ಬಡ್ಡಿ ದರ ನೋಡಿ. ಎಷ್ಟೋ ಕಾರ್ಡ್‌ಗಳಲ್ಲಿ ತಿಂಗಳಿಗೆ 3.5% ಇರುತ್ತದೆ. ನಿಮ್ಮದೂ ಅಷ್ಟೇ ಅಂದುಕೊಳ್ಳೋಣ. 84,000ಕ್ಕೆ ಬಡ್ಡಿ 2,940. ಅದರ ಮೇಲೆ 18% ಜಿಎಸ್‌ಟಿ, 529. ಒಟ್ಟು 3,469. ಮಿನಿಮಮ್ ಡ್ಯೂ ಬಾಕಿಯ 5% ಅಂದರೆ 4,200. ಅಸಲಿಗೆ ಹೋಗಿದ್ದು ಬರೀ 731 ರೂಪಾಯಿ. ಅದರ ಮೇಲೆ ನೀವು 1,200ರ ಪೆಟ್ರೋಲ್ ಹಾಕಿಸುತ್ತೀರಿ. ಬಾಕಿ ಏರದೆ ಇನ್ನೇನಾಗುತ್ತದೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಳೆ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರ್ಚಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಪೆಟ್ರೋಲ್‌ಗೂ ಉಜ್ಜಿದ ದಿನದಿಂದಲೇ ಬಡ್ಡಿ. ಇವತ್ತೇ ಕಾರ್ಡ್ ಬೀರುವಿಗೆ ಹಾಕಿ.

ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಲ್ಲಿ ಚಿನ್ನದ ಸಾಲ ಕೇಳಿ. ವರ್ಷಕ್ಕೆ 10% ಅಂತಿಟ್ಟುಕೊಂಡರೂ 84,000ಕ್ಕೆ ತಿಂಗಳ ಬಡ್ಡಿ 700. ತಿಂಗಳಿಗೆ 5,000 ಕಟ್ಟಿದರೆ ಮೊದಲ ತಿಂಗಳೇ ಅಸಲು 4,300 ಇಳಿಯುತ್ತದೆ. ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ಆದರೆ ಕಂತು ತಪ್ಪಿಸಬೇಡಿ. ಒಡವೆ ಹರಾಜಿಗೆ ಬಂದಾಗ ಕೌಂಟರಿನಾಚೆ ನಿಂತವರ ಮುಖ ನಾನು ನೋಡಿದ್ದೇನೆ.

ಉತ್ತರ 2 (ಗದಗಿನಿಂದ):
ಅಣ್ಣಾ, ಆ ಆ್ಯಪ್ ಮಾತ್ರ ಬೇಡ. ನನ್ನ ತಮ್ಮ ಅಂಥದ್ದೊಂದರಲ್ಲಿ 8,000 ತಗೊಂಡಿದ್ದ. ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳಿತ್ತು, ಒತ್ತಿಬಿಟ್ಟಿದ್ದ. ಒಂದು ಕಂತು ತಡವಾಗಿದ್ದಕ್ಕೆ ನಮ್ಮ ಸೋದರಮಾವನಿಗೆ, ಅವನ ಮೇಷ್ಟ್ರಿಗೆಲ್ಲ ಮೆಸೇಜ್ ಹೋಯಿತು. ಅವನು ಎರಡು ದಿನ ಊಟ ಮಾಡಲಿಲ್ಲ. ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್ ಮುಟ್ಟುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆಮೇಲೆ ಗೊತ್ತಾಯಿತು.

ಮತ್ತೆ, ಅತ್ತಿಗೆಗೆ ಹೇಳಿ. ಒಡವೆ ಅವರದ್ದು, ಕೇಳದೆ ಮುಟ್ಟೋಕಾಗಲ್ಲ ಅಲ್ವಾ? ನನ್ನ ಗಂಡ ಸಾಲ ಮುಚ್ಚಿಟ್ಟಿದ್ದು ತಿಳಿದಾಗ ನನಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಮುಚ್ಚಿಟ್ಟಿದ್ದಕ್ಕೆ.

ಉತ್ತರ 3:
ಒಡವೆ ಬೇಡ ಅನಿಸಿದರೆ ಬಾಕಿಯನ್ನು ಇಎಂಐ ಮಾಡಿಕೊಡಿ ಅಂತ ಕಾರ್ಡ್ ಬ್ಯಾಂಕನ್ನೇ ಕೇಳಿ. ಬಡ್ಡಿ ಕಡಿಮೆ ಆಗಬಹುದು. 'ಸೆಟಲ್‌ಮೆಂಟ್', ಅಂದರೆ ಸ್ವಲ್ಪ ಕಟ್ಟಿ, ಉಳಿದದ್ದು ಬಿಡುತ್ತೇವೆ ಅಂದರೆ ಮಾತ್ರ ಒಪ್ಪಬೇಡಿ. ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಅಂತ ಉಳಿಯುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ.

ಪ್ರಶ್ನೆ ಕೇಳಿದವರು:
ಸರ್, ಸ್ಟೇಟ್‌ಮೆಂಟ್ ತೆಗೆದು ನೋಡಿದೆ. 3.5% ಅಂತಲೇ ಇದೆ. ಅಕ್ಕಾ, ನಿನ್ನೆ ರಾತ್ರಿ ಅವಳಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಸರ ತಂದು ಮೇಜಿನ ಮೇಲಿಟ್ಟು, 'ಬಿಡಿಸೋವರೆಗೂ ರಸೀದಿ ನನ್ನ ಹತ್ತಿರ ಇರಲಿ' ಅಂದಳು. ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ.