ಪ್ರಾರ್ಥನೆ ಬಿಟ್ಟೆ, ಋಣ ಬಿಡಲಾಗುತ್ತಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನಾನು ಕಾರವಾರದವನು, ವಯಸ್ಸು 34. ತೀರಾ ಕಟ್ಟುನಿಟ್ಟಿನ ಕ್ರೈಸ್ತ ಕುಟುಂಬದಲ್ಲಿ ಬೆಳೆದೆ. ಸಿನಿಮಾ ನೋಡುವ ಹಾಗಿರಲಿಲ್ಲ, ಪಕ್ಕದ ಮನೆಯ ಚೌತಿ ಪ್ರಸಾದ ಮುಟ್ಟುವ ಹಾಗಿರಲಿಲ್ಲ. ಎಂಟು ವರ್ಷದ ಹಿಂದೆ ಎಲ್ಲ ಬಿಟ್ಟೆ. ಈಚೆಗೆ ಅಪ್ಪ 22 ದಿನ ಆಸ್ಪತ್ರೆಯಲ್ಲಿದ್ದಾಗ ಊಟ ತಂದವರು, ರಾತ್ರಿ ಕಾದವರು ನಾನು ಬಿಟ್ಟ ಅದೇ ಚರ್ಚ್ ಸಭೆಯ ಜನ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವರನ್ನು ಮೆಚ್ಚಿಕೊಂಡರೆ ನಾನು ಬಿಟ್ಟಿದ್ದೇ ತಪ್ಪು ಅಂತ ಒಪ್ಪಿದ ಹಾಗಾಗುತ್ತದಾ?

*

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ನನಗೀಗ 70. ನಮ್ಮದು ಕೊಂಕಣಿ ಕೆಥೊಲಿಕ್ ಮನೆ. ನಾನು ಚಿಕ್ಕವಳಿದ್ದಾಗ ಇಗರ್ಜಿಯಲ್ಲಿ ಪೂಜೆ ಲ್ಯಾಟಿನ್‌ನಲ್ಲೇ ಆಗುತ್ತಿತ್ತು. ಒಂದಕ್ಷರ ತಿಳಿಯದಿದ್ದರೂ ಅಲುಗಾಡದೆ ಕೂರಬೇಕಿತ್ತು. ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಹೇಳುವಾಗ ತೂಕಡಿಸಿದರೆ ಅಪ್ಪ ಒಮ್ಮೆ ಕಣ್ಣು ಬಿಟ್ಟರೆ ಸಾಕಿತ್ತು. ಮದುವೆಯಾದ ಮೇಲೆ ಒಂದೊಂದೇ ಬಿಟ್ಟೆ. ಮೊದಲು ಪಾಪನಿವೇದನೆ, ಆಮೇಲೆ ಭಾನುವಾರದ ಪೂಜೆ, ಕೊನೆಗೆ ನಂಬಿಕೆಯೇ ಹೋಯಿತು. ಸಿಟ್ಟು ಮಾತ್ರ ಬಹಳ ವರ್ಷ ಉಳಿಯಿತು.

ಅದನ್ನು ಇಳಿಸಿದವಳು ನಮ್ಮ ಕೇರಿಯ ಒಬ್ಬ ಬಾಯಮ್ಮ. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಬಡವರ ಮನೆಗೆ ಅಕ್ಕಿ-ಬೇಳೆ ಕೊಡುತ್ತಾರಲ್ಲ, ಅವಳು ಅದರಲ್ಲಿದ್ದಳು. ಕಣ್ಣು ಸರಿಯಿರಲಿಲ್ಲ, ಅದಕ್ಕೆ ನನ್ನನ್ನು ಜೊತೆಗೆ ಕರೆಯುತ್ತಿದ್ದಳು. ದೀಪ ಹಚ್ಚಿದ ಮೇಲೇ ಹೊರಡುವುದು, ಅಕ್ಕಪಕ್ಕದವರಿಗೆ ಕಾಣಬಾರದು ಅಂತ. ಬಾಗಿಲ ಒಳಗೆ ಚೀಲ ಇಟ್ಟವಳೇ, ಮನೆಯವರು ಬಾಯಿ ತೆರೆಯುವ ಮೊದಲೇ, ಈ ಸಲ ಬಂಗಡೆಗೆ ಎಷ್ಟು ರೇಟು ಮಾರಾಯ್ತಿ ಅಂತ ಶುರು ಮಾಡುತ್ತಿದ್ದಳು. ಬಂಗಡೆ ಮಾತು ಮುಗಿಯುವಾಗ ನಾವು ಅಂಗಳದಲ್ಲಿ ಇರುತ್ತಿದ್ದೆವು. ಉಪಕಾರ ಆಯ್ತು ಅಂತ ಹೇಳುವ ಕಷ್ಟವನ್ನೂ ಅವಳು ಯಾರಿಗೂ ಕೊಡಲಿಲ್ಲ.

ಆ ಸಭೆ ಹುಟ್ಟಿದ ಕಥೆ ನಿನಗೆ ಹೇಳಬೇಕು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಒಝಾನಮ್ ಅಂತ 20 ವರ್ಷದ ವಿದ್ಯಾರ್ಥಿ, ಚರ್ಚೆಯಲ್ಲಿ ಧರ್ಮದ ಪರ ಭಾರೀ ಮಾತಾಡುತ್ತಿದ್ದನಂತೆ. ನಂಬಿಕೆ ಇಲ್ಲದವರು ಎದ್ದು, ಅದೆಲ್ಲ ಹಳೇ ಮಾತಾಯ್ತು, ನಿಮ್ಮ ಚರ್ಚು ಬಡವರಿಗೆ ಈಗ ಏನು ಮಾಡುತ್ತಿದೆ ಅಂತ ಕೇಳಿದರು. ಉತ್ತರ ಇರಲಿಲ್ಲ. ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆ ಹುಡುಕಿ ಹೊರಟ. ನೋಡು, ನಮ್ಮಂಥವರು ಕೇಳಿದ ಪ್ರಶ್ನೆಯಿಂದ ಹುಟ್ಟಿದ ಸಭೆ ಅದು! ಇದನ್ನು ಬಾಯಮ್ಮನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಿದ್ದಳು.

11 ವರ್ಷ ಅವಳ ಜೊತೆ ಚೀಲ ಹೊತ್ತೆ, ಪೂಜೆಗೆ ಒಂದು ದಿನವೂ ಹೋಗಲಿಲ್ಲ. ಅವಳು ಕರೆಯಲಿಲ್ಲ ಅಂತಲ್ಲ, ಪ್ರತಿ ಕ್ರಿಸ್‌ಮಸ್‌ಗೂ ಕರೆದಳು. ನಾನು ಇಲ್ಲ ಅಂದೆ. ಮರುದಿನ ನೆವ್ರಿ, ಕಲ್‌ಕಲ್ ಕಳಿಸಿದಳು. ನಾನು ತಿಂದೆ. ಸೋತೆ ಅಂತ ಯಾವತ್ತೂ ಅನ್ನಿಸಲಿಲ್ಲ.
— ನಿವೃತ್ತ ಶಿಕ್ಷಕಿ, ಹೊನ್ನಾವರ

*

ಊಟದ ಡಬ್ಬಿ ವಾಪಸ್ ಕೊಟ್ಟಿದ್ದೀರಾ? ಇಲ್ಲದಿದ್ದರೆ ಮೊದಲು ಆ ಕೆಲಸ ಮಾಡಿ. ಖಾಲಿ ಕೊಡಬೇಡಿ, ನಾಲ್ಕು ತುಂಡು ಬೆಲ್ಲವಾದರೂ ಹಾಕಿ ಕೊಡಿ. ಉಳಿದದ್ದೆಲ್ಲ ಜಾಸ್ತಿ ಯೋಚನೆ.
— ಗೃಹಿಣಿ, ಕುಮಟಾ

*

ಸ್ವಾಮಿ, ನಾನು ಸಂಧ್ಯಾವಂದನೆ ಬಿಟ್ಟು 15 ವರ್ಷವಾಯಿತು. ನಮ್ಮ ಆಯಿಯ (ಅಮ್ಮನ) ಮಡಿ ಕಂಡರೆ ಈಗಲೂ ಮೈ ಉರಿಯುತ್ತದೆ, ಅದು ಬೇರೆ ವಿಷಯ. ಆದರೆ ಅಡಿಕೆ ಕೊಯ್ಲಿನ ಸಮಯದಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಬಿದ್ದಾಗ ಒಂದು ತಿಂಗಳು ಅವನ ಮನೆಗೆ ಅಕ್ಕಿ, ಎಣ್ಣೆ ಕಳಿಸಿದವಳೂ ಅದೇ ಆಯಿ. ಅವಳನ್ನು ಹೊಗಳಿದರೆ ನಾನು ಮಡಿ ಒಪ್ಪಿದೆ ಅಂತ ಶಿರಸಿಯಲ್ಲಿ ಯಾರೂ ಹೇಳುವುದಿಲ್ಲ. ಅವಳು ಮಾಡಿದ ತಂಬುಳಿ ಎರಡು ಸಲ ಹಾಕಿಸಿಕೊಳ್ಳುತ್ತೇನೆ, ಜನಿವಾರ ಕೇಳಿದರೆ ಗೂಟಕ್ಕೆ ನೇತುಹಾಕಿದ್ದೇನೆ ಅನ್ನುತ್ತೇನೆ. ನಿಮ್ಮಲ್ಲಿ ಯಾಕೆ ಬೇರೆ ಲೆಕ್ಕ?
— ಕೃಷಿಕ, ಶಿರಸಿ

*

ಎಲ್ಲರೂ ಹೊಗಳುತ್ತಾರೆ ಅಂತ ಗೊತ್ತು, ನಾನು ಸ್ವಲ್ಪ ಕಹಿ ಬರೆಯುತ್ತೇನೆ. ನನ್ನ ಅಕ್ಕನ ಮನೆಗೆ ಒಂದು ಪ್ರಾರ್ಥನಾ ಗುಂಪಿನವರು ರೇಷನ್ ತಂದು ಕೊಡುತ್ತಿದ್ದರು. ಅವಳು ಎರಡು ಭಾನುವಾರ ಹೋಗಲಿಲ್ಲ, ರೇಷನ್ ನಿಂತಿತು. ಅಂಥವರೂ ಇದ್ದಾರೆ, ಎಲ್ಲ ಧರ್ಮದಲ್ಲೂ ಇದ್ದಾರೆ. ನಿಮ್ಮ ವಿಷಯದಲ್ಲಿ ಮಾತ್ರ ಅವರು ಬಂದಿದ್ದು ನೀವು ಬಿಟ್ಟು ಎಂಟು ವರ್ಷ ಆದ ಮೇಲೆ. ಏನಾದರೂ ಆಸೆ ಇಟ್ಟುಕೊಂಡು ಬಂದವರು 22 ದಿನ ಸುಮ್ನೆ ಬಾಯಿ ಮುಚ್ಚಿಕೊಂಡು ಇರ್ತಿದ್ರಾ?
— ಬ್ಯಾಂಕ್ ಉದ್ಯೋಗಿ, ಅಂಕೋಲಾ

*

ನಾನು ನಿಮ್ಮ ಅಪ್ಪನಿಗೆ ಊಟ ತಂದವರ ಪೈಕಿ ಅಲ್ಲ, ಆದರೆ ಅಂಥದ್ದೇ ಒಂದು ಸಭೆಯವನು. ದಯವಿಟ್ಟು ನಮ್ಮನ್ನು ದೇವದೂತರು ಮಾಡಬೇಡಿ. ಯಾರ ಸರದಿ ಯಾವ ದಿನ ಅಂತ ನಮ್ಮಲ್ಲೂ ಜಗಳ ಆಗುತ್ತದೆ. ಒಬ್ಬರು ಮೂರು ದಿನ ಮೀನುಸಾರು ತಂದರೆ ನಾಲ್ಕನೆಯ ದಿನ ರೋಗಿಯೇ ಬೇಡ ಅನ್ನುತ್ತಾರೆ.

2019ರ ಆಗಸ್ಟ್‌ನಲ್ಲಿ ಕಾಳಿ ನದಿ ಉಕ್ಕಿ ಕದ್ರಾ ಕಡೆ ಮನೆಗಳಿಗೆ ನೀರು ನುಗ್ಗಿತಲ್ಲ, ನಮ್ಮದೂ ಅದರಲ್ಲಿ ಒಂದು. ನಮ್ಮನ್ನು ದೋಣಿ ಹತ್ತಿಸಿದವನು ಪಕ್ಕದ ಮನೆಯವನು. ಅವನ ಮನೆಯ ಚೌತಿ ಪ್ರಸಾದವನ್ನೇ ನಾನು ಎಷ್ಟೋ ವರ್ಷ ಬಾಗಿಲಲ್ಲೇ ನಿಂತು ಬೇಡ ಅಂದಿದ್ದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಳ್ಳೆಯ ಸಮಾರ್ಯದವನ ಕಥೆ ಇದೆ. ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕ ನೋಡಿಯೂ ನೋಡದ ಹಾಗೆ ಹೋದ, ದೇವಾಲಯದ ಸೇವೆ ಮಾಡುವ ಲೇವಿಯನೂ ಹೋದ, ಬೇರೆ ಪಂಗಡದ ಸಮಾರ್ಯದವನು ನಿಂತು ಎತ್ತಿದ. ಈ ಕಥೆ ಕೇಳುವಾಗೆಲ್ಲ ನಾನೇ ಆ ಸಮಾರ್ಯದವನು ಅಂದುಕೊಳ್ಳುತ್ತಿದ್ದೆ. ದೋಣಿಯಲ್ಲಿ ಒದ್ದೆ ಪಂಚೆಯಲ್ಲಿ ಕೂತಾಗ ಗೊತ್ತಾಯಿತು, ನಾನು ದಾರಿಯಲ್ಲಿ ಬಿದ್ದವನು. ಈಗ ಪ್ರಸಾದ ಬೇಡ ಅನ್ನುವುದಿಲ್ಲ. ಪಾಸ್ಟರ್‌ಗೆ ಗೊತ್ತಿದೆ, ಏನೂ ಹೇಳಿಲ್ಲ.

ನಿಮಗಾಗಿ ಪ್ರಾರ್ಥನೆ ಮಾಡುವುದನ್ನು ನಮ್ಮವರು ಬಿಡುವುದಿಲ್ಲ, ಅದೊಂದನ್ನು ನೀವು ಸಹಿಸಿಕೊಳ್ಳಬೇಕು. ಸಭೆಗೆ ಬರುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ವಾರ್ಡಿನಲ್ಲಿ ರಾತ್ರಿ ಕೂರಲು ಗಂಡಸರು ಸಿಗುವುದು ಕಷ್ಟ, ಮಂಗಳವಾರ ಅಂತೂ ಯಾರೂ ಇಲ್ಲ. 22 ದಿನ ಇದ್ದಿರಲ್ಲ, ಯಾವ ನರ್ಸ್ ಹತ್ತಿರ ಬಿಸಿನೀರು ಕೇಳಬೇಕು ಅಂತ ನಿಮಗೆ ಗೊತ್ತಿರುತ್ತದೆ.
— ವೆಲ್ಡರ್, ಕಾರವಾರ ತಾಲೂಕು