ಹನ್ನೆರಡು ಪಾಯಿಂಟ್ ಆದಮೇಲೆ ಬರುವ ಕಷ್ಟ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಬೆಳಗಿನ ಹೂವು, ಕಾಫಿ ರೇಟು, ಮದುವೆ ಕಾಗದ, ಇಷ್ಟೇ. ಶನಿವಾರ ರಾತ್ರಿ ಲೀಡ್ಸ್‌ನಲ್ಲಿರುವ ತಮ್ಮ ಒಂದು ಸುದ್ದಿ ಹಾಕಿದ. ಮೂಡಿಗೆರೆ ಚಿಕ್ಕಪ್ಪನ ಮಗ ಅವನು. ಅಪ್ಪ ಮಗನ ಜಗಳ ಹತ್ತು ನಿಮಿಷದಲ್ಲಿ ಎಲ್ಲರ ಜಗಳ ಆಯಿತು. ಸ್ಟಿಕ್ಕರ್, ಹೆಬ್ಬೆರಳು ಬಿಟ್ಟು ಉಳಿದದ್ದು ಇಲ್ಲಿದೆ.

ತಮ್ಮ: ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವಾಗ ತಪ್ಪು ಮಾಡಿದರೆ ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುತ್ತದೆ. ಸ್ಪೀಡಿಗೆ ಕಮ್ಮಿ ಅಂದರೂ 3. ಕೈಯಲ್ಲಿ ಫೋನ್ ಹಿಡಿದಿದ್ದರೆ 6. ಮೂರು ವರ್ಷದೊಳಗೆ 12 ಆದರೆ ಕನಿಷ್ಠ 6 ತಿಂಗಳು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಆದರೆ ಕೋರ್ಟಿನಲ್ಲಿ ‘ಲೈಸೆನ್ಸ್ ಹೋದರೆ ವಿಪರೀತ ಕಷ್ಟ ಆಗುತ್ತದೆ’ ಎಂದು ಒಪ್ಪಿಸಿದರೆ ಬ್ಯಾನ್ ತಪ್ಪುತ್ತದೆ. ಹೀಗೆ 12 ದಾಟಿಯೂ ಓಡಿಸಿಕೊಂಡಿರುವವರು ಇದ್ದಾರೆ. ಸರಿನಾ ಇದು?

ಚಿಕ್ಕಪ್ಪ: ಸರಿಯೇ. ಕಷ್ಟ ಇರುವವನ ಮಾತು ಕೋರ್ಟ್ ಕೇಳದಿದ್ದರೆ ಇನ್ಯಾರು ಕೇಳಬೇಕು?

ಕಡೂರು ಅತ್ತೆ: 🙏 ಶುಭರಾತ್ರಿ

ಅಕ್ಕ: ಎಲ್ಲರಿಗೂ ಕಷ್ಟ ಇರುತ್ತದೆ ಚಿಕ್ಕಪ್ಪ. ಕಷ್ಟ ಆಗಲಿ ಅಂತಲೇ ಅಲ್ವಾ ಬ್ಯಾನ್ ಮಾಡುವುದು?

ಚಿಕ್ಕಪ್ಪ: ನೀನು ಹಾಸನದಲ್ಲಿದ್ದೀಯ, ಬಾಗಿಲಿಗೆ ಆಟೋ ಬರುತ್ತದೆ. ನಮ್ಮ ತೋಟದಿಂದ ಬಸ್ಸಿಗೆ ಎರಡೂವರೆ ಕಿಲೋಮೀಟರ್ ಏರು. ಬೆಳಿಗ್ಗೆ ಒಂದು ಬಸ್, ಸಂಜೆ ಒಂದು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಅಮ್ಮನನ್ನು ವಾರಕ್ಕೆ ಎರಡು ಸಲ ಚಿಕ್ಕಮಗಳೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವನು ನಾನೊಬ್ಬನೇ. ನನ್ನ ಲೈಸೆನ್ಸ್ ಕಿತ್ತುಕೊಂಡರೆ ಶಿಕ್ಷೆ ನನಗಾ, ಅಮ್ಮನಿಗಾ?

ಈ ಮಾತಿಗೆ ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ನನಗೂ ಚಿಕ್ಕಪ್ಪ ಹೇಳಿದ್ದು ಸರಿ ಅನ್ನಿಸಿತು. ಹಾಸನ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಭಾವ ಆಗ ಬಂದರು.

ಭಾವ: ಅಲ್ಲಿನ ಕೋರ್ಟೂ ಅದನ್ನೇ ನೋಡುತ್ತದೆ. ಬರೀ ನನ್ನ ಕೆಲಸ ಹೋಗುತ್ತದೆ ಅಂದರೆ ಸಾಲದು. ಅವನನ್ನು ನಂಬಿದ ಬೇರೆಯವರ ಗತಿ ಏನು ಎಂದು ಕೇಳುತ್ತಾರೆ. ಒಮ್ಮೆ ಹೇಳಿ ಗೆದ್ದ ಕಾರಣವನ್ನು ಮೂರು ವರ್ಷ ಮತ್ತೆ ಹೇಳುವ ಹಾಗಿಲ್ಲ. ನಮ್ಮಲ್ಲೂ ಕಾನೂನಿಗೇನು ಬರ ಇಲ್ಲ. 2019ರ ತಿದ್ದುಪಡಿ ಪ್ರಕಾರ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡದ ಜೊತೆ ಮೂರು ತಿಂಗಳು ಲೈಸೆನ್ಸೂ ಇಲ್ಲ. ಕುಡಿದು ಓಡಿಸಿ ಎರಡನೇ ಸಲ ಸಿಕ್ಕರೆ 15,000 ದಂಡ, ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಜನ ಗಟ್ಟಿಯಾಗಿ ನಿಲ್ಲಬೇಕು ಅಷ್ಟೇ. ನನ್ನ ಪ್ರಕಾರ ಬ್ಯಾನ್ ಆಗಲೇಬೇಕು.

ನಾನು: ಭಾವ, 2023ರ ಫೆಬ್ರವರಿಯಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಬಾಕಿ ಇದ್ದ ಹನ್ನೊಂದು ಚಲನ್ ಒಟ್ಟಿಗೆ ಕಟ್ಟಿ ‘ಲಾಭ ಆಯಿತು’ ಎಂದು ಇದೇ ಗುಂಪಿನಲ್ಲಿ ರಸೀದಿ ಹಾಕಿದ್ದು ಯಾರು?

ಭಾವ: ಅದರಲ್ಲಿ ನಾಲ್ಕು ನೋ ಪಾರ್ಕಿಂಗ್.

ಅಕ್ಕ: ಉಳಿದ ಏಳು ಸಿಗ್ನಲ್ಲು. ನಾನು ಪಕ್ಕದ ಸೀಟಿನಲ್ಲೇ ಇದ್ದೆ 😡

ಚಿಕ್ಕಪ್ಪ: ನೋಡಿದ್ರಾ! ಇನ್ನೊಂದು ಮಾತು. ಬ್ಯಾನ್ ಆದವನು ಸುಮ್ನೆ ಮನೆಯಲ್ಲಿ ಕೂರುತ್ತಾನಾ? ಲೈಸೆನ್ಸ್ ಇಲ್ಲದೇ ಓಡಿಸುತ್ತಾನೆ. ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸೂ ಸಿಗಲ್ಲ.

ಭಾವ: ಎಷ್ಟೋ ಕೇಸಿನಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಹೇಳುತ್ತದೆ. ಆಗ ತೋಟ ಮಾರಬೇಕು ಚಿಕ್ಕಪ್ಪ.

ಇದಾದ ಮೇಲೆ ಅಕ್ಕ ಬಹಳ ಹೊತ್ತು ಟೈಪ್ ಮಾಡುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಕೆಲಸದ ಸುದ್ದಿಯನ್ನು ಮನೆಗೆ ತರುವವಳಲ್ಲ.

ಅಕ್ಕ: ಹೋದ ಮಳೆಗಾಲ, ನೈಟ್ ಡ್ಯೂಟಿ. ಬೈಕಿನಲ್ಲಿ ಬರುತ್ತಿದ್ದ ಹುಡುಗನನ್ನು ತಂದರು. ತೊಡೆ ಮೂಳೆ ಮುರಿದಿತ್ತು. ಪ್ಯಾಂಟ್ ಕತ್ತರಿಸುವಾಗ ಜೇಬಿನಿಂದ ಅರ್ಧ ತಿಂದ ಕಡಲೆಮಿಠಾಯಿ ಬಿತ್ತು. ಅದನ್ನು ಬಿಸಾಡಬೇಡಿ ಅಕ್ಕಾ ಎಂದ. ಏನು ಮಾತಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ. ಗುದ್ದಿದ ಕಾರಿನವನು ಬಾಗಿಲಾಚೆ ನಿಂತು ಯಾರಿಗೋ ಫೋನ್ ಮಾಡಿ ‘ಹೋದ ಸಲದ ಥರಾನೇ ನೋಡಿಕೊಳ್ಳಿ’ ಎನ್ನುತ್ತಿದ್ದ. ಹೋದ ಸಲ ಅಂತೆ! ಆ ಹೋದ ಸಲವೇ ಯಾರಾದರೂ ಅವನ ಕೀ ಕಿತ್ತಿಟ್ಟುಕೊಂಡಿದ್ದರೆ ಈ ಹುಡುಗ ಮಿಠಾಯಿ ತಿಂದುಕೊಂಡು ಮನೆಗೆ ಹೋಗುತ್ತಿದ್ದ. ಚಿಕ್ಕಪ್ಪ, 12 ಪಾಯಿಂಟ್ ಒಂದೇ ದಿನ ಬೀಳುವುದಿಲ್ಲ. ಮೂರು ಮೂರರಂತೆ ಆದರೆ ನಾಲ್ಕು ಸಲ ಸಿಕ್ಕಿಬೀಳಬೇಕು. ಮೂರನೇ ಸಲ ಸಿಕ್ಕಾಗ ಮನೆಯಲ್ಲಿರುವ ಅಮ್ಮ ನೆನಪಾಗದವನಿಗೆ ನಾಲ್ಕನೇ ಸಲ ಕೋರ್ಟಿನಲ್ಲಿ ಮಾತ್ರ ನೆನಪಾಗುವುದು ಹೇಗೆ?

ತಮ್ಮ: ಸ್ವಲ್ಪದರಲ್ಲಿ ಸ್ಪೀಡ್ ಮೀರಿದವರಿಗೆ ಇಲ್ಲಿ ಮೊದಲ ಸಲ ಪಾಯಿಂಟ್ ಬದಲು ಒಂದು ಕ್ಲಾಸಿಗೆ ಕೂರಿಸುವುದೂ ಇದೆ. ಅಂದರೆ ಲೆಕ್ಕ ಶುರುವಾಗುವ ಮೊದಲೇ ಒಂದು ಅವಕಾಶ ಸಿಕ್ಕಿರುತ್ತದೆ.

ಚಿಕ್ಕಪ್ಪ: ನಾನೇನು ಯಾರಿಗೂ ಗುದ್ದಿಲ್ಲ.

ತಮ್ಮ: ಅಪ್ಪ, ಅಜ್ಜಿಗೆ ಅಲ್ಲಿ ಎಂಟು ಗಂಟೆಗೆ ಟೈಮ್. ನೀವು ತೋಟ ಬಿಡುವುದು ಏಳೂ ಕಾಲಿಗೆ. ಆಲ್ದೂರು ದಾಟುವ ತನಕ ಅಜ್ಜಿ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತಾರೆ. ರಜೆಗೆ ಬಂದಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಏನು ಬರೆದಿದ್ದರೋ, ಓದುವಷ್ಟರಲ್ಲಿ ಹೋಗಿತ್ತು. ಭಾನುವಾರ ಪೂರ್ತಿ ಗುಂಪು ತಣ್ಣಗಿತ್ತು. ಸೋಮವಾರ ಸಂಜೆ ಅತ್ತೆ ಎರಡು ಗುಲಾಬಿ ಹಾಕಿದರು, ಅವರ ಹಿಂದೆಯೇ ಅಕ್ಕ ಬಂದಳು.

ಅಕ್ಕ: ನಾಳೆ ಅಜ್ಜಿಯನ್ನು ಯಾರು ಕರೆದುಕೊಂಡು ಹೋಗುತ್ತೀರಿ? ನನಗೆ ರಜೆ ಇದೆ, ಬೇಕಾದರೆ ಬರುತ್ತೇನೆ.

ಚಿಕ್ಕಪ್ಪ: ನಾನೇ ಹೋಗುತ್ತೇನೆ. ಆರೂವರೆಗೆ ಹೊರಡುವುದು. ಅಷ್ಟು ಬೇಗ ಯಾಕೆ ಎಬ್ಬಿಸುತ್ತೀಯ ಎಂದು ಅಮ್ಮ ಈಗಲೇ ಬೈಯುತ್ತಿದ್ದಾಳೆ.