ಗಣಿ ಗುಂಡಿಯಿಂದ ಹರಿದು ಬರುವ ಕೆಂಪು ಕೆಸರು: ಹೊಲಕ್ಕೆ ವಿಷಾನಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹುನಗುಂದ ತಾಲೂಕು. ಹೊಲದ ಮೇಲ್ಗಡೆ ಕಬ್ಬಿಣದ ಅದಿರು ತೆಗೆದು ಹಾಗೇ ಬಿಟ್ಟುಹೋದ ಗುಂಡಿ ಇದೆ. ಜೋರು ಮಳೆ ಬಂದರೆ ಅಲ್ಲಿಯ ಕೆಂಪು ಮಣ್ಣು ಹರಿದು ನಮ್ಮ ಎರೆಹೊಲದಲ್ಲಿ ಕೂರುತ್ತದೆ. ಸೀಸ, ಆರ್ಸೆನಿಕ್ ಇರುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ. ಸಾಯಿಲ್ ಹೆಲ್ತ್ ಕಾರ್ಡಿನಲ್ಲಿ ಮಾತ್ರ ಎಲ್ಲ ಸರಿ ಇದೆ. ಈ ಹೊಲದ ಜೋಳ ತಿನ್ನಬಹುದಾ?

ಉತ್ತರ: ಬಣ್ಣ ನೋಡಿ ಹೆದರಬೇಡಿ. ಆ ಕೆಂಪು ಕಬ್ಬಿಣದ್ದು. ಒಣಗಿದ ಮೇಲೆ ಹೆಪ್ಪುಗಟ್ಟಿ ನೀರು ಇಳಿಯೋಕೆ ಬಿಡಲ್ಲ, ಮೊಳಕೆ ಮೇಲೇಳೋಕೆ ಒದ್ದಾಡುತ್ತದೆ, ಆ ತೊಂದರೆ ಬೇರೆ. ಹಾಗಂತ ಕಾರ್ಡ್ ನಂಬಿ ಸುಮ್ನೆ ಕೂರಬೇಡಿ. ಅದರಲ್ಲಿ ನೋಡೋದು 12 ಅಂಶ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಇಂಥವು. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಆ ಪಟ್ಟಿಯಲ್ಲೇ ಇಲ್ಲ. ಅವನ್ನು ಅಳೆಯೋಕೆ ಮಣ್ಣನ್ನು ಆಸಿಡ್‌ನಲ್ಲಿ ಕುದಿಸಿ ಮಾಡುವ ಬೇರೆ ಪರೀಕ್ಷೆ ಬೇಕು. ಎಲ್ಲಿ ಮಾಡಿಸಬಹುದು ಅಂತ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಮಣ್ಣು ತೆಗೆಯುವಾಗ ಕೆಸರು ಕೂತ ಜಾಗದ್ದು ಒಂದು ಚೀಲ, ಕೆಸರು ಮುಟ್ಟದ ತುದಿಯದ್ದು ಇನ್ನೊಂದು ಚೀಲ ಮಾಡಿ. ಎರಡನ್ನೂ ಬೆರೆಸಿದರೆ ವ್ಯತ್ಯಾಸವೇ ಗೊತ್ತಾಗಲ್ಲ. 15 ಸೆಂ.ಮೀ. ಆಳದವರೆಗಿನ ಮಣ್ಣು ಸಾಕು. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಹತ್ತುತ್ತದೆ. ಪ್ಲಾಸ್ಟಿಕ್ ಬುಟ್ಟಿ ತಗೊಳ್ಳಿ.

ಪ್ರಶ್ನೆ: ಅಲ್ಲಿವರೆಗೆ ಏನು ಮಾಡಲಿ ಸರ್? ಸುಣ್ಣ ಹಾಕಿದರೆ ವಿಷ ಕಟ್ಟಿಹೋಗುತ್ತದೆ ಅಂತ ಗೊಬ್ಬರದ ಅಂಗಡಿಯವರು ಹೇಳಿದರು.

ಉತ್ತರ: ಎರೆಮಣ್ಣಿಗೆ ಸುಣ್ಣಾನಾ? ದುಡ್ಡು ಉಳಿಸಿಕೊಳ್ಳಿ. ಸುಣ್ಣ ಹಾಕೋದು ಹುಳಿ ಮಣ್ಣಿಗೆ. ನಮ್ಮ ಕಡೆಯ ಎರೆಯ ಪಿಎಚ್ (ಮಣ್ಣಿನ ಹುಳಿ ಅಳೆಯೋ ಅಂಕಿ, 7ಕ್ಕಿಂತ ಮೇಲಿದ್ದರೆ ಹುಳಿ ಅಲ್ಲ) ಸಾಮಾನ್ಯವಾಗಿ 8ರ ಆಚೀಚೆ ಇರುತ್ತದೆ, ಸುಣ್ಣದ ಹರಳು ಅದರಲ್ಲಿ ಮೊದಲೇ ಇರುತ್ತವೆ, ಹಾಗಾಗಿ ಸೀಸ, ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಗಲ್ಲ. ಆರ್ಸೆನಿಕ್ ಮಾತ್ರ ಉಲ್ಟಾ, ಪಿಎಚ್ ಏರಿದಷ್ಟೂ ಸಡಿಲವಾಗುತ್ತದೆ. ಮೊದಲು ಕೆಸರು ಬರೋದನ್ನ ನಿಲ್ಲಿಸಿ. ಮೇಲ್ಗಡೆ ಒಡ್ಡು ಹಾಕಿ, ಅದರ ಆಚೆ ಕಾಲುವೆ ತೋಡಿ ನೀರನ್ನ ಬದಿಗೆ ತಿರುಗಿಸಿ, ಆದರೆ ಪಕ್ಕದವರ ಹೊಲಕ್ಕೆ ಬಿಡಬೇಡಿ ಮತ್ತೆ! ಲೋಹ ಕೊಳೆಯಲ್ಲ, ಬಂದದ್ದು ಅಲ್ಲೇ ಕೂತಿರುತ್ತದೆ. ಜೋಳ, ಕಡಲೆ ಬಿತ್ತಿ. ಎಲೆಗೆ ಹೋಲಿಸಿದರೆ ಕಾಳಿಗೆ ಸೇರೋದು ಕಡಿಮೆ. ರಿಪೋರ್ಟ್ ಬರೋವರೆಗೆ ಕೆಸರಿನ ಜಾಗದಲ್ಲಿ ಮೆಂತ್ಯೆ, ರಾಜಗಿರಿ, ಪಾಲಕ್ ಬೆಳೆಯಬೇಡಿ.

ಇನ್ನೊಬ್ಬರ ಪ್ರಶ್ನೆ: ಸೂರ್ಯಕಾಂತಿ ಹಾಕಿದರೆ ಲೋಹ ಹೀರಿಕೊಳ್ಳುತ್ತೆ ಅಂತಾರಲ್ವಾ?

ಉತ್ತರ: ಹೀರುತ್ತೆ, ಆದರೆ ಚೂರು ಚೂರೇ, ವರ್ಷಗಟ್ಟಲೆ ಬೇಕು. ಆಮೇಲೆ ಆ ದಂಟನ್ನ ದನಕ್ಕೆ ಹಾಕೋಹಾಗಿಲ್ಲ, ಒಲೆಗೂ ಇಡೋಹಾಗಿಲ್ಲ. ಅದಕ್ಕಿಂತ ಗುಂಡಿ ಹತ್ತಿರದ ಬೋರಿನ ನೀರು ಕುಡಿಯುತ್ತಿದ್ದರೆ ಮೊದಲು ಅದನ್ನ ಪರೀಕ್ಷೆ ಮಾಡಿಸಿ. ಲೀಟರಿಗೆ 0.01 ಮಿ.ಗ್ರಾಂ.ಗಿಂತ ಜಾಸ್ತಿ ಆರ್ಸೆನಿಕ್ ಇದ್ದರೆ ಆ ನೀರು ಕುಡಿಯಬೇಡಿ. ಕುದಿಸಿದರೂ ಅದು ಹೋಗಲ್ಲ.